ಹಳೆ ನೆಕ್ಸಾನ್ ಇವಿ ಸಾಕಾ, ಹೊಸದೇ ಬೇಕಾ? ಸಿಂಧನೂರಿನ ಒಂದು ಮನೆಯ ಪ್ರಕರಣ

ಈ ಪ್ರಕರಣದ ಮನೆ ರಾಯಚೂರು ಜಿಲ್ಲೆಯ ಸಿಂಧನೂರಿನದು. ನನ್ನ ನಾದಿನಿ ಮಾನ್ವಿಯ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಸಿಂಧನೂರಿನಲ್ಲೇ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಹೃದಯದ ತೊಂದರೆ ಇರುವ ಹಿರಿಯರು, ನಾದಿನಿಯ ಮಾವ. ಹಳೆ ಡೀಸೆಲ್ ಕಾರಿನ ರಿಪೇರಿ ಖರ್ಚು ಏರುತ್ತಲೇ ಇತ್ತು. 2025ರ ಬೇಸಿಗೆಯಲ್ಲಿ ಅದನ್ನು ಮಾರಿ ಎಲೆಕ್ಟ್ರಿಕ್ ಕಾರು (ಇವಿ) ತಗೊಳ್ಳೋಣ ಅಂತ ಗಂಡ ಹೆಂಡತಿ ಇಬ್ಬರೂ ಒಪ್ಪಿದರು.

ಅವರ ಮುಂದೆ ಎರಡು ಆಯ್ಕೆ ಇದ್ದವು. ಎರಡೂ ಟಾಟಾ ನೆಕ್ಸಾನ್ ಇವಿಯೇ. ಒಂದು, 2020ರ ಕೊನೆಯಲ್ಲಿ ನೋಂದಣಿಯಾದ ಮೊದಲ ಪೀಳಿಗೆಯ ಕಾರು. ಸುಮಾರು 60,000 ಕಿಲೋಮೀಟರ್ ಓಡಿತ್ತು. ಪರಿಚಯದವರೇ ಮಾರುತ್ತಿದ್ದರು, ಏಳೂವರೆ ಲಕ್ಷ ಹೇಳಿದ್ದರು. ಇನ್ನೊಂದು ಷೋರೂಮಿನ ಹೊಚ್ಚ ಹೊಸದು, 45 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. ಇನ್ಶೂರೆನ್ಸ್ ಎಲ್ಲ ಸೇರಿ 16 ಲಕ್ಷದ ಹತ್ತಿರ ಬರುತ್ತಿತ್ತು.

ನಾನು ರಾಯಚೂರಿನಲ್ಲಿ ವೈರಿಂಗ್, ಮೀಟರ್ ಬೋರ್ಡ್ ಕೆಲಸದ ಗುತ್ತಿಗೆದಾರ. ಹಾಗಾಗಿ ಫೋನು ನನಗೇ ಬಂತು. "ಅಣ್ಣಾರ, ಎಲ್ಲಾರೂ ಹೊಸದು ತಗೊಂಡ್ರ ಚಿಂತಿಲ್ಲ ಅಂತಾರ್ರಿ. ಹಳೇದ್ರ ಬ್ಯಾಟರಿ ಸತ್ತಿರ್ತದಂತ. ನೀವು ಬಂದು ಒಮ್ಮೆ ನೋಡ್ರಿ" ಅಂದರು ಷಡ್ಡಕರು. ನಾದಿನಿಯ ಮಾತು ಬೇರೆ ಇತ್ತು. "ಭಾವಾರ, ನಂಗ ಕಿಲೋಮೀಟರ್ ಲೆಕ್ಕ ಬ್ಯಾಡ. ಮಾವಾರನ್ನ ಕರ್ಕೊಂಡು ರಾಯಚೂರಿಂದ ವಾಪಸ್ ಬರುವಾಗ ದಾರ್ಯಾಗ ನಿಲ್ಲಬಾರದು. ಅಷ್ಟ."

ಇಡೀ ಪ್ರಕರಣದಲ್ಲಿ ನನಗೆ ದಾರಿ ತೋರಿಸಿದ್ದು ನಾದಿನಿಯ ಈ ಮಾತು. ಷೋರೂಮಿನಲ್ಲಿ ಕಾರನ್ನು ಕಾರಿನ ಜೊತೆ ಹೋಲಿಸುತ್ತಾರೆ. ಆದರೆ ಬ್ಯಾಟರಿ ಗಾಡಿಯನ್ನು ಹೋಲಿಸಬೇಕಾದದ್ದು ಅದು ಓಡುವ ದಾರಿಯ ಜೊತೆ, ಅದು ನಿಲ್ಲುವ ಜಾಗದ ಜೊತೆ. ನಿಲ್ಲುವ ಜಾಗವನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಐದು ವರ್ಷದಲ್ಲಿ ಕಾರು ಎಷ್ಟು ಬದಲಾಗಿದೆ

ನೆಕ್ಸಾನ್ ಇವಿ ಮಾರುಕಟ್ಟೆಗೆ ಬಂದದ್ದು 2020ರ ಜನವರಿಯಲ್ಲಿ. ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಒಂದು ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಮೀಟರಿನ ಒಂದು ಯೂನಿಟ್ಟೇ, ಆದ್ದರಿಂದ ಮುಂದೆ ಯೂನಿಟ್ ಅಂತಲೇ ಬರೆಯುತ್ತೇನೆ. ಮೋಟಾರಿನ ಶಕ್ತಿ 129 ಪಿಎಸ್, ಚಕ್ರ ತಿರುಗಿಸುವ ಬಲ (ಟಾರ್ಕ್) 245 ಎನ್ಎಂ, ಗರಿಷ್ಠ ವೇಗ 120. ಕಾಗದದ ಮೇಲಿನ ರೇಂಜ್, ಅಂದರೆ ಒಮ್ಮೆ ತುಂಬಿದರೆ ಓಡುವ ದೂರ, 312 ಕಿಲೋಮೀಟರ್. ಮನೆಯ ಚಾರ್ಜಿಂಗ್ 3.3 ಕಿಲೋವ್ಯಾಟ್ ಮಾತ್ರ. ಫಾಸ್ಟ್ ಚಾರ್ಜರ್ ಸಿಕ್ಕರೆ ಒಂದು ತಾಸಿಗೆ ಸೊನ್ನೆಯಿಂದ ಶೇ. 80.

2022ರ ಮೇ ತಿಂಗಳಲ್ಲಿ ನೆಕ್ಸಾನ್ ಇವಿ ಮ್ಯಾಕ್ಸ್ ಅನ್ನುವ ಮಾದರಿ ಬಂತು. ಬ್ಯಾಟರಿ 40.5 ಆಯಿತು, 7.2 ಕಿಲೋವ್ಯಾಟ್ ಚಾರ್ಜರಿನ ಆಯ್ಕೆ ಸಿಕ್ಕಿತು. ಬ್ರೇಕಿನ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುವ ರೀಜೆನ್ ಎಷ್ಟಿರಬೇಕು ಅಂತ ಓಡಿಸುವವರೇ ಆರಿಸಿಕೊಳ್ಳಬಹುದಾಯಿತು. ಮೊದಲ ಪೀಳಿಗೆ ಬಂದಾಗ ಅದರಲ್ಲಿ ಆ ಆಯ್ಕೆ ಇರಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಒಳಗೂ ಹೊರಗೂ ಹೊಸ ರೂಪ ಬಂತು. ಹಗುರವಾದ ಹೊಸ ಮೋಟಾರು. ದೊಡ್ಡ ಬ್ಯಾಟರಿಯ ಮಾದರಿಯಲ್ಲಿ ಅದರ ಶಕ್ತಿ 145 ಪಿಎಸ್‌ಗೆ ಏರಿತು, ಟಾರ್ಕ್ ಮಾತ್ರ 215ಕ್ಕೆ ಇಳಿಯಿತು. ಟಾರ್ಕ್ ಇಳಿದದ್ದು ನನಗೆ ಸರಿ ಅನಿಸಿತು. ಹಳೆಯದರಲ್ಲಿ ಮಳೆ ಬಿದ್ದ ರಸ್ತೆಯಲ್ಲಿ ಒಮ್ಮೆಲೇ ಕಾಲು ಒತ್ತಿದರೆ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಹೊಸದು ಆ ವಿಷಯದಲ್ಲಿ ಸಮಾಧಾನದ ಗಾಡಿ. ಗರಿಷ್ಠ ವೇಗ 150 ಆಯಿತು. ನಮ್ಮ ರಸ್ತೆಗಳಲ್ಲಿ ಅದಕ್ಕೆ ಏನೂ ಬೆಲೆ ಇಲ್ಲ. ಕಾರಿನಿಂದಲೇ ಫ್ರಿಜ್ಜು, ಫ್ಯಾನು ನಡೆಸುವ ಸೌಲಭ್ಯ ಬಂದದ್ದೂ ಆಗಲೇ. ಆರು ಏರ್‌ಬ್ಯಾಗ್ ಎಲ್ಲ ಮಾದರಿಗೂ ಬಂದವು.

2024ರ ಸೆಪ್ಟೆಂಬರ್‌ನಲ್ಲಿ 45 ಯೂನಿಟ್ಟಿನ ಬ್ಯಾಟರಿ ಬಂತು. ಕಾಗದದ ರೇಂಜ್ 489. ನಿಜದ ಓಡಾಟದಲ್ಲಿ 350ರಿಂದ 370 ಸಿಗುತ್ತದೆ ಅಂತ ಕಂಪನಿಯೇ ಹೇಳಿಕೊಂಡಿದೆ. ಇದೊಂದು ಒಳ್ಳೆಯ ಬದಲಾವಣೆ. ಕಾಗದದ ಅಂಕಿ ಬರುವುದು ರೋಲರ್ ಮೇಲೆ, ಎಸಿ ಇಲ್ಲದೆ, ನಿಧಾನದ ವೇಗದಲ್ಲಿ ಓಡಿಸಿ ಅಳೆದಾಗ. ಸಿಂಧನೂರಿನ ಮೇ ತಿಂಗಳಲ್ಲಿ ಎಸಿ ಇಲ್ಲದೆ ಯಾರೂ ಕಾರು ಓಡಿಸಲ್ಲ ಅಲ್ವಾ?

ಅಂಕಿಗಳನ್ನು ಎದುರುಬದುರು ಇಟ್ಟರೆ ಟಾರ್ಕ್ ಒಂದನ್ನು ಬಿಟ್ಟು ಹೊಸದು ಎಲ್ಲದರಲ್ಲೂ ಮುಂದಿದೆ. ಆದರೆ ಈ ಮನೆಗೆ ಅದರಲ್ಲಿ ಯಾವುದು ಬೇಕು ಅನ್ನುವುದು ಬೇರೆ ಪ್ರಶ್ನೆ.

ಮನೆಯ ದಾರಿಗಳು

ಸಿಂಧನೂರಿನಿಂದ ಮಾನ್ವಿಗೆ ಸುಮಾರು 45 ಕಿಲೋಮೀಟರ್. ದಿನಾ ಹೋಗಿ ಬಂದರೆ 90. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಎರಡೂ ಕಡೆ ಭತ್ತದ ಗದ್ದೆ, ದಾರಿ ಹೆಚ್ಚುಕಡಿಮೆ ಸಪಾಟು. ಏರಿಳಿತ ಇಲ್ಲದ ದಾರಿಯಲ್ಲಿ ರೀಜೆನ್ ಬಟನ್ನಿನಿಂದ ದೊಡ್ಡ ಉಳಿತಾಯ ಆಗುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಹೋಗುವವರು 90ಕ್ಕೆ ಏರಿದರೆ ತಡೆ ಎರಡೂಕಾಲು ಪಟ್ಟಾಗುತ್ತದೆ. ಹಳೆಯದಾಗಲಿ ಹೊಸದಾಗಲಿ, ಈ ಗಾಳಿಗೆ ಎರಡೂ ಒಂದೇ.

ತಿಂಗಳಿಗೊಮ್ಮೆ ಹಿರಿಯರನ್ನು ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಬರಬೇಕು. ಒಂದು ಕಡೆಗೆ ಸುಮಾರು 90, ಹೋಗಿ ಬಂದರೆ 180. ಅಂಗಡಿಯ ಕೆಲಸಕ್ಕೆ ಸಿರುಗುಪ್ಪ ಮೇಲೆ ಬಳ್ಳಾರಿಗೆ ಹೋಗುವುದೂ ಇದೆ. ಅದೂ ಹೆಚ್ಚುಕಡಿಮೆ ಅಷ್ಟೇ ದೂರ. ಬೆಂಗಳೂರಿಗೆ ವರ್ಷಕ್ಕೆ ಒಂದೆರಡು ಸಲ, ಅದೂ ಯಾವಾಗಲೂ ರಾತ್ರಿ ಬಸ್ಸಿಗೆ.

ಎಸಿ ಹಾಕಿ, 75, 80ರ ವೇಗದಲ್ಲಿ, ನಾಲ್ಕು ಜನ ಕೂತು ಹೋದರೆ ಈ ಕಾರು 100 ಕಿಲೋಮೀಟರಿಗೆ 15 ಯೂನಿಟ್ ಕುಡಿಯುತ್ತದೆ ಅಂತ ಇಟ್ಟುಕೊಂಡೆ. ಚಳಿಗಾಲದಲ್ಲಿ ಇನ್ನೂ ಕಡಿಮೆ. ಆದರೆ ಲೆಕ್ಕ ಹಾಕುವುದಾದರೆ ಬೇಸಿಗೆಗೇ ಹಾಕಬೇಕು. ಬ್ಯಾಟರಿಯಲ್ಲಿ ಶೇ. 15ರಷ್ಟು ಯಾವಾಗಲೂ ಮುಟ್ಟದೆ ಉಳಿಸಬೇಕು ಅನ್ನುವುದು ನನ್ನ ನಿಯಮ.

ಹೊಸ 45ರಲ್ಲಿ ಬಳಸಲು ಸಿಗುವುದು 38 ಯೂನಿಟ್. ಅಂದರೆ 250 ಕಿಲೋಮೀಟರ್. ರಾಯಚೂರಿಗೆ ಹೋಗಿ ಬಂದು ಮಿಗುತ್ತದೆ. ಹಳೆಯದರಲ್ಲಿ ಎಷ್ಟು ಸಿಗುತ್ತದೆ? ಅದು ಬ್ಯಾಟರಿಯಲ್ಲಿ ಇನ್ನೂ ಎಷ್ಟು ಉಳಿದಿದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಅದನ್ನು ಅಳೆಯದೆ ಬೇರೆ ದಾರಿ ಇರಲಿಲ್ಲ.

ಸಬ್ ಮೀಟರ್ ಹೇಳಿದ್ದು

ಮೊದಲ ಸಲ ಓಡಿಸಿದಾಗ ಹಳೆ ಕಾರು ಎಲ್ಲರನ್ನೂ ಹೆದರಿಸಿತು. ಶೇ. 80ರಿಂದ ಹೊರಟಿದ್ದೆವು. ಅರ್ಧ ದಾರಿ ಚೆನ್ನಾಗಿಯೇ ಇಳಿಯಿತು. ಶೇ. 30ರ ಕೆಳಗೆ ಬಂದ ಮೇಲೆ ಅಂಕಿ ದಡದಡ ಕುಸಿಯಿತು. ಷಡ್ಡಕರು ಅಲ್ಲೇ "ನೋಡ್ರಿ, ನಾ ಹೇಳಿದ್ನಲ್ಲ" ಅಂದರು. ಇಂಥ ಹೊತ್ತಿನಲ್ಲಿ ಬಹಳ ಜನ ಕಾರನ್ನು ಬಿಟ್ಟು ಹೋಗುತ್ತಾರೆ. ಇನ್ನು ಕೆಲವರು ಇದೇ ನೆಪದಲ್ಲಿ ಎರಡು ಲಕ್ಷ ಕಡಿಮೆ ಮಾಡಿಸಿಕೊಳ್ಳುತ್ತಾರೆ.

ಆದರೆ ಈ ಕಾರಿನ ಬ್ಯಾಟರಿ ಎಲ್ಎಫ್‌ಪಿ ಬಗೆಯದು, ಲೀಥಿಯಂ ಜೊತೆ ಕಬ್ಬಿಣ, ಫಾಸ್ಫೇಟ್ ಸೇರಿದ್ದು. ಇದರ ಸೆಲ್ಲಿನ ವೋಲ್ಟೇಜ್ ನಡುವಿನ ಹಂತದಲ್ಲಿ ಬದಲಾಗುವುದೇ ಕಡಿಮೆ, 3.2, 3.3ರ ಆಸುಪಾಸಿನಲ್ಲೇ ಇರುತ್ತದೆ. ಅಗಲವಾದ ಕೆರೆಯಲ್ಲಿ ಎಷ್ಟೋ ನೀರು ಖರ್ಚಾದರೂ ಕಟ್ಟೆಯ ಮೇಲಿನ ಗುರುತು ಒಂದೆರಡು ಬೆರಳಷ್ಟೇ ಇಳಿದಂತೆ. ಎಷ್ಟು ಉಳಿದಿದೆ ಅಂತ ಕಾರಿನ ಕಂಪ್ಯೂಟರಿಗೆ ವೋಲ್ಟೇಜ್ ನೋಡಿ ಗೊತ್ತಾಗುವುದಿಲ್ಲ. ಒಳಗೆ ಹೋದದ್ದು, ಹೊರಗೆ ಬಂದದ್ದು ಎಣಿಸಿ ಅಂದಾಜು ಮಾಡುತ್ತದೆ. ಆಗಾಗ ನಿಧಾನವಾಗಿ ಶೇ. 100ರ ತನಕ ಚಾರ್ಜ್ ಮಾಡಿದರೆ ಮಾತ್ರ ಆ ಎಣಿಕೆ ಸರಿಯಾಗಿ ಕೂರುತ್ತದೆ, ಸೆಲ್ಲುಗಳೂ ಒಂದಕ್ಕೊಂದು ಸಮ ಆಗುತ್ತವೆ. ಮಾರುವವರನ್ನು ಕೇಳಿದೆ. ಅವರು ವರ್ಷದಿಂದ ಫಾಸ್ಟ್ ಚಾರ್ಜರಿನಲ್ಲಿ ಶೇ. 80ರ ತನಕ ಹಾಕಿಸಿಕೊಂಡು ಓಡಿಸುತ್ತಿದ್ದರು. ಮನೆಯಲ್ಲಿ ಹಾಕುವುದನ್ನೇ ಬಿಟ್ಟಿದ್ದರು. ಅಂಕಿ ದಾರಿ ತಪ್ಪಿದ್ದಕ್ಕೆ ಕಾರಣ ಸಿಕ್ಕಿತು.

ಅವರ ಒಪ್ಪಿಗೆ ಪಡೆದು ಕಾರನ್ನು ಕೆಲವು ರಾತ್ರಿ ಸಾದಾ 15 ಆಂಪ್ ಪ್ಲಗ್ಗಿನಲ್ಲಿ ಪೂರ್ತಿ ತುಂಬಿಸಿದೆವು. ಆಮೇಲೆ ಅಂಕಿ ನೆಟ್ಟಗೆ ಇಳಿಯತೊಡಗಿತು. ಇಷ್ಟಕ್ಕೆ ಬಿಡಲಿಲ್ಲ. ಶೇ. 15ಕ್ಕೆ ಇಳಿಸಿ, ಪ್ಲಗ್ಗಿನ ಹಿಂದೆ ಆ ಒಂದು ಪ್ಲಗ್ಗಿನ ಯೂನಿಟ್ ಮಾತ್ರ ಎಣಿಸುವ ಸಬ್ ಮೀಟರ್ ಕೂರಿಸಿ, ಮತ್ತೆ 100ಕ್ಕೆ ತುಂಬಿಸಿದೆ. ಮೀಟರ್ 26 ಯೂನಿಟ್ ತೋರಿಸಿತು. ಚಾರ್ಜರಿನಲ್ಲಿ, ವೈರಿನಲ್ಲಿ, ಶಾಖದಲ್ಲಿ ಶೇ. 10ರಷ್ಟು ಹೋಗುತ್ತದೆ ಅಂತ ಕಳೆದರೆ ಬ್ಯಾಟರಿಗೆ ಸೇರಿದ್ದು 23.4. ಇದು ಶೇ. 85ಕ್ಕೆ. ಹಾಗಾದರೆ ಪೂರ್ತಿ ಬ್ಯಾಟರಿ 27.5. ಹೊಸದಿದ್ದಾಗ 30.2 ಇದ್ದದ್ದು. ಹತ್ತರಲ್ಲಿ ಒಂಬತ್ತು ಪಾಲು ಉಳಿದಿದೆ.

ಇದು ಪ್ರಯೋಗಾಲಯದ ಅಳತೆ ಅಲ್ಲ, ಅಂದಾಜು. ಆದರೂ ಹಳೆ ಇವಿ ನೋಡಲು ಹೋಗುವ ಯಾರೇ ಆಗಲಿ ಈ ಪರೀಕ್ಷೆ ಮಾಡಿಸಲೇಬೇಕು ಅಂತ ನನ್ನ ಖಚಿತ ಮಾತು. ಸಬ್ ಮೀಟರ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಡ್ಯಾಶ್‌ಬೋರ್ಡಿನ "ಇನ್ನು ಇಷ್ಟು ಕಿಲೋಮೀಟರ್" ಅನ್ನುವ ಅಂಕಿಯನ್ನು ನಂಬಿ ಏಳು ಲಕ್ಷ ಕೊಡಬೇಡಿ. ಅದು ಹಿಂದಿನವರು ಹೇಗೆ ಓಡಿಸಿದರು ಅನ್ನುವುದನ್ನೂ ಸೇರಿಸಿಕೊಂಡಿರುತ್ತದೆ.

ಇನ್ನೂ ಎರಡು ಸಣ್ಣ ವಿಷಯ ಕಂಡವು. ಟೈರು ಬದಲಾಯಿಸಿದ್ದರು. ಅಳತೆ ಸರಿಯಾಗಿಯೇ ಇತ್ತು, 215/60 ಆರ್16. ಆದರೆ ಉರುಳಲು ಹಗುರವಾದ ಬಗೆಯದಲ್ಲ, ಸಾದಾ ಟೈರು. ಅದರಿಂದಲೂ ರೇಂಜ್ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೊಂದು, ಬಾನೆಟ್ಟಿನ ಕೆಳಗಿನ ಸಣ್ಣ 12 ವೋಲ್ಟಿನ ಬ್ಯಾಟರಿ ಹಳೆಯದಾಗಿತ್ತು. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಸಣ್ಣದು ಕೈಕೊಟ್ಟರೆ ಕಾರು ಎಚ್ಚರವೇ ಆಗುವುದಿಲ್ಲ. ಎರಡಕ್ಕೂ ಸೇರಿಸಿ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡೆವು.

ಹಳೆ ಕಾರಿನ ಲೆಕ್ಕ ಈಗ ಸ್ಪಷ್ಟ. 27.5ರಲ್ಲಿ ಶೇ. 15 ಬಿಟ್ಟರೆ 23 ಯೂನಿಟ್ ಚಿಲ್ಲರೆ, ಅಂದರೆ ಸುಮಾರು 155 ಕಿಲೋಮೀಟರ್. ಮಾನ್ವಿಗೆ ಧಾರಾಳ. ರಾಯಚೂರಿಗೆ ಹೋಗಿ ಬರಲು ಸಾಲದು.

ಎರೆ ನೆಲ ಮತ್ತು ಅರ್ಥಿಂಗ್

ಮನೆಯ ಚಾರ್ಜಿಂಗ್ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ. ಏಕೆಂದರೆ ಇವಿ ತಗೊಂಡ ಮೊದಲ ವಾರದ ಬಹುಪಾಲು ಗೋಳು ಕಾರಿನದಲ್ಲ, ಗೋಡೆಯದು.

ಸಿಂಧನೂರಿನ ಮನೆಯಲ್ಲಿ ಮೊದಲ ರಾತ್ರಿ ಪ್ಲಗ್ ಹಾಕಿದಾಗ ಕಾರು ಚಾರ್ಜ್ ತಗೊಳ್ಳಲೇ ಇಲ್ಲ. ಮತ್ತೆ "ಕಾರು ಕೆಟ್ಟದ್ದು" ಅನ್ನುವ ಮಾತು ಎದ್ದಿತು. ನಾನು ನ್ಯೂಟ್ರಲ್ಲಿಗೂ ಅರ್ಥಿಗೂ ಮೀಟರ್ ಹಿಡಿದು ನೋಡಿದೆ. ಒಂದೆರಡು ವೋಲ್ಟ್ ಇರಬೇಕಾದ ಕಡೆ ಹತ್ತರ ಮೇಲೆ ಓಡುತ್ತಿತ್ತು. ಅರ್ಥ್ ಸರಿ ಇಲ್ಲದಿದ್ದರೆ ಕಾರು ಕರೆಂಟ್ ತಗೊಳ್ಳುವುದಿಲ್ಲ. ಜೀವ ಉಳಿಸಲಿಕ್ಕೇ ಆ ವ್ಯವಸ್ಥೆ ಇಟ್ಟಿದ್ದಾರೆ. ಹಳೆಯದರಲ್ಲೂ ಅದಿದೆ, ಹೊಸದರಲ್ಲೂ ಅದಿದೆ.

ನಮ್ಮ ಕಡೆ ಎರೆ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮನೆ ಕಟ್ಟುವಾಗ ಹಾಕಿದ ಅರ್ಥ್ ಪೈಪಿನ ಸುತ್ತ ಮಣ್ಣು ಬಿಟ್ಟುಕೊಂಡು ನಿಂತಿತ್ತು. ಹೊಸ ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟೆವು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಬೇಕು ಅಂತ ಹೇಳಿದ್ದೇನೆ. ಮೀಟರ್ ಬೋರ್ಡಿನಿಂದ ಕಾರಿನ ಜಾಗಕ್ಕೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದುಬಿಡುವ ಸ್ವಿಚ್ಚು), ಸೋರಿಕೆ ತಡೆಯುವ ಆರ್‌ಸಿಸಿಬಿ, ಗಟ್ಟಿಯಾದ ಇಂಡಸ್ಟ್ರಿಯಲ್ ಸಾಕೆಟ್. ಅಗ್ಗದ 15 ಆಂಪ್ ಸಾಕೆಟ್ಟಿನಲ್ಲಿ ಗೀಸರ್ ಅರ್ಧ ತಾಸು ನಡೆಯುತ್ತದೆ. ಕಾರು ಎಂಟು ತಾಸು ಸತತ ಎಳೆಯುತ್ತದೆ. ಅಂಥ ಸಾಕೆಟ್ ಕರಗಿ ಕಪ್ಪಾದದ್ದನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಇದರಲ್ಲಿ ಚೌಕಾಸಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಹೊಸ ಕಾರಿನ 7.2 ಕಿಲೋವ್ಯಾಟ್ ಚಾರ್ಜರ್ ಇಲ್ಲಿ ಎಷ್ಟು ಉಪಯೋಗ? ಅದು 30 ಆಂಪ್ ಎಳೆಯುತ್ತದೆ. ಅದಕ್ಕೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು ಮನೆಯ ಮಂಜೂರಾದ ಲೋಡ್ ಏರಿಸಬೇಕು, ಅಂದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ದಿನಕ್ಕೆ 90 ಕಿಲೋಮೀಟರ್ ಓಡಿದರೆ ಬ್ಯಾಟರಿಯಿಂದ ಹೋಗುವುದು 13.5 ಯೂನಿಟ್. 3.3ರ ಪ್ಲಗ್ಗಿನಲ್ಲಿ ಅದು ಐದು ತಾಸಿಗೆ ವಾಪಸ್ ಬರುತ್ತದೆ. ಕಾರು ಸಂಜೆಯಿಂದ ಬೆಳಗಿನ ತನಕ ಮನೆಯಲ್ಲೇ ನಿಂತಿರುತ್ತದೆ. ರಾತ್ರಿ ಮಧ್ಯೆ ಎರಡು ತಾಸು ಕರೆಂಟ್ ಹೋದರೂ ಬೆಳಿಗ್ಗೆಗೆ ಲೆಕ್ಕ ಸರಿಹೋಗುತ್ತದೆ. ಈ ಮನೆಗೆ ಬೇಗ ತುಂಬುವ ಚಾರ್ಜರಿನ ಅಗತ್ಯವೇ ಇಲ್ಲ.

ರಾಯಚೂರಿನ ನಾಲ್ಕು ತಾಸು

ಉಳಿದದ್ದು ಆಸ್ಪತ್ರೆಯ ದಿನ. ನಾದಿನಿಯ ಚಿಂತೆ ಇದ್ದದ್ದೂ ಅಲ್ಲೇ.

ಮೊದಲು ಎಲ್ಲರಿಗೂ ಹೊಳೆದದ್ದು ಫಾಸ್ಟ್ ಚಾರ್ಜರ್. ಅದರಲ್ಲೂ ಹೊಸ ಕಾರು ಬೇಗ ತುಂಬುತ್ತದೆ ಅನ್ನುವ ಮಾತು ಬಂತು. ಇಲ್ಲೊಂದು ವಿಷಯ ಗಮನಿಸಬೇಕು. ಕಾರು ಎಷ್ಟೇ ಬೇಗ ತಗೊಳ್ಳಲಿ, ಸ್ಟೇಷನ್ನಿನ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರಿನ ಹಿಡಿ) ಕೊಡುವಷ್ಟೇ ಸಿಗುವುದು. ಸಣ್ಣ ಊರುಗಳಲ್ಲಿ 30 ಕಿಲೋವ್ಯಾಟಿನ ಗನ್ನೇ ಮಾಮೂಲು. ಅಲ್ಲಿ ಒಂದು ತಾಸು ನಿಂತರೆ ಯಾವ ಕಾರಿಗೂ 30 ಯೂನಿಟ್ಟಿನ ಮೇಲೆ ಬರುವುದಿಲ್ಲ. ಹಳೆಯದು ಒಂದು ತಾಸಿಗೆ 24 ಯೂನಿಟ್ ತಗೊಳ್ಳುತ್ತದೆ. ವ್ಯತ್ಯಾಸ ಇಷ್ಟೇ. ಜೊತೆಗೆ ನಾವು ಹೋಗಿ ನೋಡಿದ ಒಂದು ಸ್ಟೇಷನ್ನಿನಲ್ಲಿ ಎರಡು ಗನ್ನಿನಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. ಹೃದ್ರೋಗಿಯನ್ನು ಕೂರಿಸಿಕೊಂಡು ಅಂಥ ಜಾಗವನ್ನು ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆ ಇರಲಿಲ್ಲ.

ಆಗ ಆಸ್ಪತ್ರೆಯ ದಿನವನ್ನೇ ಬಿಡಿಸಿ ನೋಡಿದೆವು. ಬೆಳಿಗ್ಗೆ ಬರುತ್ತಾರೆ. ಚೀಟಿ ಮಾಡಿಸಬೇಕು, ರಕ್ತ ಕೊಡಬೇಕು, ಇಸಿಜಿ ಆಗಬೇಕು, ರಿಪೋರ್ಟ್ ಬರುವ ತನಕ ಕಾಯಬೇಕು, ಡಾಕ್ಟರ್ ನೋಡಬೇಕು. ನಾಲ್ಕು ತಾಸಿಗೆ ಕಡಿಮೆ ಯಾವತ್ತೂ ಮುಗಿದಿಲ್ಲ. ಅಷ್ಟು ಹೊತ್ತು ಕಾರು ಆಸ್ಪತ್ರೆಯ ಮುಂದೆ ಬಿಸಿಲಿನಲ್ಲಿ ಸುಮ್ನೆ ನಿಂತಿರುತ್ತಿತ್ತು. ನಮ್ಮ ಮನೆ ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ದೂರ. ನಮ್ಮ ಮನೆ ಮುಂದೆ ಒಂದು ಗಟ್ಟಿ ಸಾಕೆಟ್ ಹಾಕಿಸಿದರೆ?

ಲೆಕ್ಕ ಹಾಕಿದೆ. ರಾಯಚೂರು ಮುಟ್ಟುವ ಹೊತ್ತಿಗೆ 27.5ರಲ್ಲಿ 13.5 ಖರ್ಚಾಗಿ 14 ಉಳಿದಿರುತ್ತದೆ. ನಾಲ್ಕು ತಾಸು ಪ್ಲಗ್ಗಿನಲ್ಲಿ ಇದ್ದರೆ ನಷ್ಟ ಕಳೆದು 12 ಯೂನಿಟ್ ಸೇರುತ್ತದೆ. ಅಲ್ಲಿಗೆ 26. ಸಿಂಧನೂರಿಗೆ ವಾಪಸ್ ಹೋಗಲು ಮತ್ತೆ 13.5. ಮನೆ ಮುಟ್ಟಿದಾಗ ಇನ್ನೂ 12, 13 ಯೂನಿಟ್ ಉಳಿದಿರುತ್ತದೆ. ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ.

ಹಳೆಯದಕ್ಕೂ ಹೊಸದಕ್ಕೂ ಇರುವ ಬ್ಯಾಟರಿಯ ಅಂತರವನ್ನು ಈ ಮನೆಯ ಮಟ್ಟಿಗೆ ಒಂದು ಸಾಕೆಟ್ ತುಂಬಿಬಿಟ್ಟಿತು. ವೈರು, ಎಂಸಿಬಿ, ಸಾಕೆಟ್ ಎಲ್ಲ ಸೇರಿ ನಾಲ್ಕಂಕಿಯ ಖರ್ಚು. ಎದುರಿಗೆ ಎಂಟೂವರೆ ಲಕ್ಷದ ಅಂತರ. ಬಳ್ಳಾರಿಗೂ ಇದೇ ಉಪಾಯ. ಷಡ್ಡಕರು ಮಾಲು ತರುವ ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಪ್ಲಗ್ ಇದೆ. ಮಾಲು ನೋಡಿ, ಲೆಕ್ಕ ಚುಕ್ತಾ ಮಾಡಿ, ಊಟ ಮುಗಿಸುವ ಹೊತ್ತಿಗೆ ಬೇಕಾದಷ್ಟು ಸೇರಿರುತ್ತದೆ. ಯೂನಿಟ್ಟಿನ ದುಡ್ಡು ಕೊಟ್ಟು ಬರುತ್ತಾರೆ.

ದುಡ್ಡಿನ ಲೆಕ್ಕ

ಡೀಸೆಲ್ ಕಾರಿಗೆ ತಿಂಗಳಿಗೆ 2,250 ಕಿಲೋಮೀಟರ್, ಲೀಟರಿಗೆ 18ರ ಮೈಲೇಜು, ಲೀಟರಿಗೆ 91 ರೂಪಾಯಿ ಹಿಡಿದರೆ 11,400 ರೂಪಾಯಿ ಆಗುತ್ತಿತ್ತು. ಇವಿಗೆ ಅದೇ ದೂರಕ್ಕೆ ಗೋಡೆಯಿಂದ 350, 370 ಯೂನಿಟ್.

ಇಲ್ಲಿ ಎಲ್ಲರೂ ಮರೆಯುವ ಒಂದು ಖರ್ಚಿದೆ. ಈ ಮನೆಗೆ ಗೃಹಜ್ಯೋತಿಯ ಲಾಭ ಇತ್ತು. ತಿಂಗಳಿಗೆ 110 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಕಟ್ಟುತ್ತಿದ್ದರು. ಕಾರು ಬಂದ ಮೇಲೆ 200 ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಮೇಲಿನ ಯೂನಿಟ್ಟುಗಳಿಗೆ ಮಾತ್ರ ಅಲ್ಲ. 2025ರ ದರದಂತೆ ಯೂನಿಟ್ಟಿಗೆ 5.80 ರೂಪಾಯಿ, ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಮೂರೂವರೆ ಸಾವಿರದ ಆಸುಪಾಸು. ಆ ಪೂರ್ತಿ ಮೂರೂವರೆ ಸಾವಿರವನ್ನೂ ಕಾರಿನ ಲೆಕ್ಕಕ್ಕೇ ಬರೆಯಬೇಕು. ಹಾಗೆ ಬರೆದರೂ ತಿಂಗಳಿಗೆ ಎಂಟು ಸಾವಿರ ಹತ್ತಿರ ಉಳಿಯುತ್ತದೆ.

ಈ ಉಳಿತಾಯ ಹಳೆ ಕಾರಿಗೂ ಅಷ್ಟೇ, ಹೊಸದಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಂಟೂವರೆ ಲಕ್ಷ ಜಾಸ್ತಿ ಕೊಟ್ಟರೂ ಕರೆಂಟಿನಲ್ಲಿ ಆ ದುಡ್ಡು ವಾಪಸ್ ಬರುವುದಿಲ್ಲ. ದೊಡ್ಡ ಬ್ಯಾಟರಿಯ ಬೆಲೆ ಕೊಡುವುದು ದೂರಕ್ಕಾಗಿ, ಆ ದೂರ ಈ ಮನೆಗೆ ವರ್ಷದಲ್ಲಿ ಕೆಲವೇ ದಿನ ಬೇಕು.

ಉಳಿದ ದುಡ್ಡಿನಲ್ಲಿ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಅಂತ ನಾನು ಹಿಂದೆ ಬಿದ್ದಿದ್ದೇನೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನ ಇದೆ. ನಮ್ಮ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಹಿಡಿದರೂ ತಿಂಗಳಿಗೆ 360. ಕಾರು ಕುಡಿಯುವುದೂ ಅಷ್ಟೇ. ಇನ್ನೊಂದು ಕಾರಣವೂ ಇದೆ. ಶಕ್ತಿನಗರದ ಚಿಮಣಿ ನೋಡಿ ಬೆಳೆದವರು ನಾವು. 1985ರಿಂದ ಅಲ್ಲಿ ಕಲ್ಲಿದ್ದಲು ಸುಡುತ್ತಿದೆ, ಈಗ 1,720 ಮೆಗಾವ್ಯಾಟ್ ಸ್ಥಾವರ. ಯರಮರಸ್‌ನಲ್ಲಿ ಇನ್ನೂ 1,600. ರಾತ್ರಿ ನಮ್ಮ ಕಾರು ಕುಡಿಯುವ ಕರೆಂಟಿನಲ್ಲಿ ಆ ಹೊಗೆಯ ಪಾಲೂ ಇದೆ. ಹಳೆ ಕಾರು ಕೊಂಡರೆ ಹೊಸ ಬ್ಯಾಟರಿ ತಯಾರಿಸುವ ಹೊರೆಯಾದರೂ ತಪ್ಪುತ್ತದೆ. ಸೋಲಾರ್ ಹಾಕಿದರೆ ಹೊಗೆಯ ಲೆಕ್ಕವೂ ತಗ್ಗುತ್ತದೆ.

ಹೊಸದು ಮೇಲು ಅನ್ನಲೇಬೇಕಾದ ಕಡೆ

ಹಳೆಯದರಲ್ಲಿ ಎರಡೇ ಏರ್‌ಬ್ಯಾಗ್. ಹೊಸದರಲ್ಲಿ ಆರು. 2024ರಲ್ಲಿ ಹೊಸ ರೂಪದ ನೆಕ್ಸಾನ್ ಇವಿಗೆ ಭಾರತ್ ಎನ್‌ಕ್ಯಾಪ್ ಅನ್ನುವ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಸಿಕ್ಕಿದೆ. ಸುಗ್ಗಿಯ ಕಾಲದಲ್ಲಿ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರುಗಳು ಭತ್ತ ಹೇರಿಕೊಂಡು ಸಾಲುಗಟ್ಟಿ ಹೋಗುವ ರಸ್ತೆ ಇದು. ನಾದಿನಿ ದಿನಾ ಒಬ್ಬಳೇ ಓಡಿಸುತ್ತಾಳೆ. ಈ ಅಂತರವನ್ನು ಯಾವ ಸಾಕೆಟ್ಟೂ ತುಂಬುವುದಿಲ್ಲ. ದುಡ್ಡಿದ್ದವರು ಈ ಒಂದು ಕಾರಣಕ್ಕೆ ಹೊಸದು ತಗೊಂಡರೆ ನಾನು ಖುಷಿಯಿಂದ ಹೌದು ಅನ್ನುತ್ತೇನೆ. ಇದನ್ನು ಇಬ್ಬರ ಮುಂದೆಯೂ ಬಿಡಿಸಿ ಹೇಳಿದೆ. ಸಾಲ ಇಲ್ಲದೆ ಬರುವ ಕಾರೇ ಬೇಕು ಅಂತ ಅವರು ನಿರ್ಧರಿಸಿದರು. ಕತ್ತಲಾದ ಮೇಲೆ ಆ ದಾರಿಯಲ್ಲಿ ಓಡಿಸುವುದಿಲ್ಲ ಅಂತ ನಾದಿನಿ ತಾನೇ ನಿಯಮ ಮಾಡಿಕೊಂಡಳು.

ವಾರಂಟಿಯಲ್ಲೂ ಹೊಸದು ಮುಂದು. 45ರ ಮಾದರಿಗೆ ಮೊದಲ ಮಾಲೀಕರಿಗೆ ಬ್ಯಾಟರಿಯ ವಾರಂಟಿ 15 ವರ್ಷ. ಹಳೆಯದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಈ ಕಾರಿಗೆ ಅದು 2028ರ ಕೊನೆಗೆ ಮುಗಿಯುತ್ತದೆ. ಹೆಸರು ಬದಲಾದ ಮೇಲೂ ವಾರಂಟಿ ಮುಂದುವರಿಯುತ್ತದೆ ಅಂತ ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಿಸಿದೆ.

ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿದ್ದು ಕಾರು ರಸ್ತೆಯಲ್ಲಿ ನಿಲ್ಲಿಸುವವರಿಗೆ ಹಳೆಯದನ್ನು ನಾನು ಹೇಳುವುದಿಲ್ಲ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಕಾರಿನಲ್ಲೇ ಹೋಗುವವರಿಗೂ ಹೇಳುವುದಿಲ್ಲ. ಅವರಿಗೆ 45 ಅಥವಾ ಕೊನೇಪಕ್ಷ 40.5ರ ಬ್ಯಾಟರಿ ಬೇಕೇ ಬೇಕು.

ತಗೊಂಡ ಮೇಲೆ

ಜೂನ್‌ನಲ್ಲಿ ಹಳೆ ಕಾರು ಅವರ ಮನೆಗೆ ಬಂತು. ತಗಡಿನ ಶೆಡ್ಡಿನ ಕೆಳಗಿಂದ ಬೇವಿನ ಮರದ ನೆರಳಿಗೆ ಅದರ ಜಾಗ ಬದಲಾಯಿಸಿದೆವು. ಬ್ಯಾಟರಿ ತಣ್ಣಗಿಡಲು ಕಾರಿನಲ್ಲೇ ದ್ರವದ ವ್ಯವಸ್ಥೆ ಇದೆ, ಮೊದಲ ಪೀಳಿಗೆಯಲ್ಲೂ ಇತ್ತು. ಆದರೂ 42 ಡಿಗ್ರಿಯ ಮಧ್ಯಾಹ್ನದಲ್ಲಿ ಪೂರ್ತಿ ತುಂಬಿದ ಬ್ಯಾಟರಿಯನ್ನು ಕಾದ ತಗಡಿನ ಕೆಳಗೆ ದಿನಗಟ್ಟಲೆ ನಿಲ್ಲಿಸಿದರೆ ಅದಕ್ಕೆ ವಯಸ್ಸು ಬೇಗ ಆಗುತ್ತದೆ. ಈಗ ದಿನಾ ಶೇ. 80ಕ್ಕೆ ನಿಲ್ಲಿಸುತ್ತಾರೆ. ಮಾನ್ವಿಗೆ ಹೋಗಿ ಬಂದರೆ ಶೇ. 30ರ ಮೇಲೆಯೇ ಉಳಿಯುತ್ತದೆ. ಎರಡು ವಾರಕ್ಕೊಮ್ಮೆ, ಆಸ್ಪತ್ರೆಗೆ ಬರುವ ಹಿಂದಿನ ರಾತ್ರಿ ಕೂಡ, ನಿಧಾನವಾಗಿ 100.

ಹಿರಿಯರು ಈಗ ರಿಪೋರ್ಟ್ ಬರುವ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದಿಲ್ಲ. ರಕ್ತ ಕೊಟ್ಟು ಆಟೋದಲ್ಲಿ ನಮ್ಮ ಮನೆಗೆ ಬರುತ್ತಾರೆ, ಊಟ ಮಾಡಿ ಸ್ವಲ್ಪ ಮಲಗುತ್ತಾರೆ. ಹೊರಗೆ ಕಾರು ಚಾರ್ಜ್ ಆಗುತ್ತಿರುತ್ತದೆ. ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ.

ಮುಂದಿನ ಕೆಲಸ 2028ರ ಬೇಸಿಗೆಗೆ ಇದೆ. ವಾರಂಟಿ ಮುಗಿಯುವ ಮೊದಲು ಅದೇ ಸಬ್ ಮೀಟರ್ ಇಟ್ಟು, ಅದೇ ಶೇ. 15ರಿಂದ 100ಕ್ಕೆ ತುಂಬಿಸಿ ಅಳೆಯಬೇಕು. ಈ ಸಲ 26 ಬಂದಿದೆ. ಆಗ 20ಕ್ಕೆ ಇಳಿದಿದ್ದರೆ ಬ್ಯಾಟರಿ ಶೇ. 70ಕ್ಕೆ ಬಂದಿದೆ ಅಂತ ಅರ್ಥ. ಆಗಲೂ 120 ಕಿಲೋಮೀಟರ್ ಸಿಗುತ್ತದೆ, ಮಾನ್ವಿಯ ಓಡಾಟ ನಿಲ್ಲುವುದಿಲ್ಲ. ಆದರೆ ವಾರಂಟಿ ಕೈಯಲ್ಲಿರುವಾಗಲೇ ಅರ್ಜಿ ಕೊಡಬೇಕು. ಈ ಸಲದ ಅಳತೆಯನ್ನು ದಿನಾಂಕ, ಓಡಿದ ಕಿಲೋಮೀಟರ್, ಮೀಟರಿನ ಫೋಟೋ ಸಮೇತ ಕಾರಿನ ಕಾಗದಪತ್ರದ ಫೈಲಿನಲ್ಲೇ ಇಡಿಸಿದ್ದೇನೆ.